ಕುಮಾರ ಪರ್ವತ: ಇಳಿಯುವುದಕ್ಕೆ ಕಾಲು ಉಳಿಸಿಕೊಂಡು ಹತ್ತುವ ಬಗೆ

ಕುಮಾರ ಪರ್ವತದ ತುದಿ ಸಮುದ್ರಮಟ್ಟದಿಂದ 1,712 ಮೀಟರ್. ಹಿಮಾಲಯ ನೋಡಿ ಬಂದವರಿಗೆ ಈ ಅಂಕಿ ಏನೂ ಅನ್ನಿಸದು. ಆದರೆ ಚಾರಣ ಶುರುವಾಗುವ ಕುಕ್ಕೆ ಸುಬ್ರಹ್ಮಣ್ಯ ಇರುವುದು ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ. ನಡುವಿನ ಸುಮಾರು 1,600 ಮೀಟರನ್ನು 13 ಕಿಲೋಮೀಟರ್ ದಾರಿಯಲ್ಲಿ ನಿಮ್ಮ ಕಾಲೇ ಹತ್ತಬೇಕು, ಅದೇ ಕಾಲು ಅಷ್ಟನ್ನೂ ಇಳಿಯಬೇಕು. ಮೈಸೂರಿನ ಚಾಮುಂಡಿ ಬೆಟ್ಟದ 1,008 ಮೆಟ್ಟಿಲು ಹತ್ತಿದವರು ಹೀಗೆ ಲೆಕ್ಕ ಹಾಕಿಕೊಳ್ಳಬಹುದು: ಅದನ್ನು ಒಂದೇ ದಿನ ಏಳೆಂಟು ಸಲ ಹತ್ತಿ, ಏಳೆಂಟು ಸಲ ಇಳಿದಷ್ಟು. ಅದೂ ಮೆಟ್ಟಿಲಿಲ್ಲದೆ, ಬೆನ್ನ ಮೇಲೆ ಐದಾರು ಕಿಲೋ ಹೊತ್ತು.

ಇಲ್ಲಿ ಕಷ್ಟಕ್ಕೆ ಸಿಕ್ಕುವವರಲ್ಲಿ ಹೆಚ್ಚಿನವರು ತುದಿ ಮುಟ್ಟಿದವರೇ. ಹತ್ತುವಾಗ ಎಲ್ಲ ಶಕ್ತಿ ಸುರಿದು, ಮಧ್ಯಾಹ್ನ ಎರಡಕ್ಕೆ ತುದಿಯಲ್ಲಿ ಫೋಟೊ ತೆಗೆದು, ಇಳಿಯುವಾಗ ತೊಡೆ ನಡುಗಿ, ಕೊನೆಯ 5 ಕಿಲೋಮೀಟರ್ ಕಾಡನ್ನು ಕತ್ತಲಲ್ಲಿ ಮೊಬೈಲ್ ಬೆಳಕು ಹಿಡಿದು ತಡವುತ್ತಾರೆ. ಮುಂದೆ ಹೇಳಿರುವುದೆಲ್ಲ ಆ ಸ್ಥಿತಿ ಬಾರದಂತೆ ನೋಡಿಕೊಳ್ಳುವುದಕ್ಕೆ.

ಮೊದಲು ಅನುಮತಿ, ಆಮೇಲೆ ಬಸ್ ಟಿಕೆಟ್

ಇದು ಪುಷ್ಪಗಿರಿ ವನ್ಯಜೀವಿಧಾಮದೊಳಗಿನ ದಾರಿ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಪುಷ್ಪಗಿರಿಯೂ ಒಂದು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಈ ಹಾದಿಯಲ್ಲಿ ಇರುವೆ ಸಾಲಿನಂತೆ ಜನ ತುಂಬಿದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದೆ ಬಿಡುವುದು ನಿಂತಿತು. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಕಾಯ್ದಿರಿಸಿ, ಗುರುತಿನ ಚೀಟಿ ಜೊತೆಗಿಟ್ಟುಕೊಂಡೇ ಹೊರಡಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ಶನಿವಾರ, ಭಾನುವಾರದ ಜಾಗ ಬೇಗ ತುಂಬುತ್ತದೆ. ರಾತ್ರಿ ತಂಗುವುದು, ಟೆಂಟ್ ಹಾಕುವುದು, ಒಳಗೆ ಬಿಡುವ ಹೊತ್ತು, ಇವುಗಳ ನಿಯಮ ಆಗಾಗ ಬದಲಾಗುತ್ತದೆ. ಹಳೆಯ ವಿಡಿಯೊ ನೋಡಿ ‘ಮೇಲೆ ಟೆಂಟ್ ಹಾಕಬಹುದು’ ಎಂದು ಹೊರಟರೆ ಚೆಕ್‌ಪೋಸ್ಟಿನಿಂದಲೇ ವಾಪಸ್ ಬರಬೇಕಾದೀತು. ಹೊರಡುವ ವಾರದ ನಿಯಮವನ್ನೇ ನೋಡಿ. ಈ ಲೇಖನದಲ್ಲಿರುವುದು ಬೆಳಿಗ್ಗೆ ಹೋಗಿ ಸಂಜೆ ಬರುವ ಒಂದು ದಿನದ ಲೆಕ್ಕ.

ಮಳೆಗಾಲದಲ್ಲೂ, ಕಾಳ್ಗಿಚ್ಚಿನ ಭಯವಿರುವ ಕಡು ಬೇಸಿಗೆಯಲ್ಲೂ ದಾರಿ ಮುಚ್ಚಿರುತ್ತದೆ. ತೆರೆದಿರುವ ತಿಂಗಳುಗಳೂ ಒಂದೇ ತೆರನಲ್ಲ. ಅಕ್ಟೋಬರಿನಲ್ಲಿ ಹುಲ್ಲು ಹಸಿರು, ನೀರು ಧಾರಾಳ, ಉಂಬಳವೂ (ಜಿಗಣೆ) ಧಾರಾಳ, ಮಧ್ಯಾಹ್ನದ ಮೇಲೆ ಗುಡುಗು ಮಿಂಚಿನ ಸಾಧ್ಯತೆ. ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಹವೆ ತಂಪು, ನೆಲ ಒಣಗಿ ಗಟ್ಟಿ. ಫೆಬ್ರುವರಿಗೆ ಹುಲ್ಲು ಒಣಗಿ ಜಾರುತ್ತದೆ, ತೊರೆ ಸೊರಗುತ್ತದೆ, ಬೆಳಿಗ್ಗೆ ಹತ್ತಕ್ಕೇ ಬಿಸಿಲು ನೆತ್ತಿ ಸುಡುತ್ತದೆ. ಮೊದಲ ಸಲ ಹೋಗುವವರಿಗೆ ಡಿಸೆಂಬರ್ ಒಳ್ಳೆಯದು. ಆದರೆ ಮಾರ್ಗಶಿರದ ಚಂಪಾ ಷಷ್ಠಿಯ ಸುತ್ತಮುತ್ತ ಕುಕ್ಕೆಯಲ್ಲಿ ಕೋಣೆಯೂ ಸಿಗದು, ಬಸ್ಸಿನಲ್ಲಿ ನಿಲ್ಲಲು ಜಾಗವೂ ಸಿಗದು. ಪಂಚಾಂಗ ನೋಡಿಯೇ ದಿನ ಗೊತ್ತುಮಾಡಿ.

ಬೆಂಗಳೂರಿನಿಂದ ರಾತ್ರಿ ಬಸ್ ಹಿಡಿದು, ಬೆಳಿಗ್ಗೆ ಇಳಿದ ಹಾಗೇ ಹತ್ತಲು ಶುರು ಮಾಡುವುದು ರೂಢಿಯಾಗಿಬಿಟ್ಟಿದೆ. ಇದು ಕೆಟ್ಟ ರೂಢಿ. ಘಾಟಿಯ ತಿರುವುಗಳಲ್ಲಿ ಕುಳಿತೇ ತೂಕಡಿಸಿದ ಮೈಗೆ 1,600 ಮೀಟರ್ ಏರು ಬಲು ದೂರ. ನಿದ್ದೆಗೆಟ್ಟವರಿಗೆ ಕಾಲು ಇಡುವ ಜಾಗದ ಅಂದಾಜು ತಪ್ಪುತ್ತದೆ. ಹಿಂದಿನ ದಿನ ಸಂಜೆಯೇ ಕುಕ್ಕೆ ಸೇರಿ ಏಳು ಗಂಟೆ ಮಲಗಿ. ರೈಲಿನಲ್ಲಿ ಬರುವವರು ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿಂದ ಕುಕ್ಕೆಗೆ ಸುಮಾರು 12 ಕಿಲೋಮೀಟರ್, ಜೀಪು, ಬಸ್ಸು ಸಿಗುತ್ತವೆ.

ಆರು ವಾರದ ತಯಾರಿ, ಲಿಫ್ಟ್ ಹತ್ತದೆ

ಬಯಲಿನಲ್ಲಿ ದಿನಾ 10 ಕಿಲೋಮೀಟರ್ ನಡೆಯುವವರೂ ಇಲ್ಲಿ ಸೋಲುತ್ತಾರೆ, ಯಾಕೆಂದರೆ ಏರಿಗೆ ದುಡಿಯುವ ಸ್ನಾಯುಗಳೇ ಬೇರೆ. ಮೆಟ್ಟಿಲಿಗಿಂತ ಒಳ್ಳೆಯ ಗರಡಿ ಇಲ್ಲ. ಒಂದು ಮಹಡಿ ಎಂದರೆ ಸುಮಾರು 3 ಮೀಟರ್. ಮೊದಲ ವಾರ 30 ಮಹಡಿ, ವಾರಕ್ಕೆ ಮೂರು ದಿನ. ವಾರದಿಂದ ವಾರಕ್ಕೆ 25, 30 ಮಹಡಿ ಏರಿಸುತ್ತ ಹೋಗಿ, ಐದನೇ ವಾರದಲ್ಲಿ ಒಂದು ದಿನವಾದರೂ 6 ಕಿಲೋ ಚೀಲ ಹೊತ್ತು 150 ಮಹಡಿ ಮುಟ್ಟಿ. ಅಷ್ಟಾದರೆ 450 ಮೀಟರ್. ಬೆಟ್ಟದ ಕಾಲು ಭಾಗದಷ್ಟೇ ಆದರೂ ಅದನ್ನು ನಿಲ್ಲದೆ ಮಾಡುವ ಕಾಲು ಬೆಟ್ಟವನ್ನು ನಿಧಾನವಾಗಿ ಮುಗಿಸಬಲ್ಲದು.

ಮುಖ್ಯವಾದ ಮಾತು: ಮೆಟ್ಟಿಲು ಹತ್ತಿ ಲಿಫ್ಟಿನಲ್ಲಿ ಇಳಿಯಬೇಡಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಸ್ನಾಯುವಿನ ಎಳೆಗಳಿಗೆ ಹೆಚ್ಚು ಪೆಟ್ಟು ಬೀಳುವುದು ಈ ಕೆಲಸದಲ್ಲೇ. ಒಮ್ಮೆ ಆ ಪೆಟ್ಟು ತಿಂದು ಚೇತರಿಸಿಕೊಂಡ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಆದ್ದರಿಂದ ಚಾರಣಕ್ಕೆ ಹತ್ತು ದಿನ ಮೊದಲು ಒಂದು ದೊಡ್ಡ ಇಳಿತ ಮಾಡಿ. ಬೆಂಗಳೂರಿನವರಿಗೆ ಶಿವಗಂಗೆ, ಮೈಸೂರಿನವರಿಗೆ ಚಾಮುಂಡಿ, ಬೆಳ್ತಂಗಡಿ ಕಡೆಯವರಿಗೆ ಗಡಾಯಿಕಲ್ಲು. ಕೊನೆಯ ನಾಲ್ಕು ದಿನ ಕಾಲಿಗೆ ವಿಶ್ರಾಂತಿ.

ಚೀಲದಲ್ಲಿ ಏನಿರಬೇಕು

ನೀರು ತಲೆಗೆ 3 ಲೀಟರ್. ಅಷ್ಟೂ ಬೇಕೇ ಎಂದು ಕೇಳುವವರಿಗೆ: ಏರಿನಲ್ಲಿ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೆವರು ಹೋಗುತ್ತದೆ, ನಡಿಗೆ ಹನ್ನೊಂದು ಗಂಟೆಯದು. ನಡುವೆ ಗಿರಿಗದ್ದೆಯಲ್ಲೂ ಕಲ್ಲು ಮಂಟಪದ ಹತ್ತಿರದ ತೊರೆಯಲ್ಲೂ ತುಂಬಿಸಿಕೊಳ್ಳುವ ಅವಕಾಶವಿದೆ, ಆದರೆ ಬೇಸಿಗೆ ಹತ್ತಿರವಾದಂತೆ ತೊರೆಯನ್ನು ನಂಬುವಂತಿಲ್ಲ. ತೊರೆಯ ನೀರಿಗೆ ಕ್ಲೋರಿನ್ ಮಾತ್ರೆ ಹಾಕಿ, ಪೊಟ್ಟಣದ ಮೇಲೆ ಬರೆದಷ್ಟು ಹೊತ್ತು ಕಾದು ಕುಡಿಯಿರಿ.

ಬರೀ ನೀರು ಸಾಲದು. ಬೆವರಿನಲ್ಲಿ ಉಪ್ಪು ಹೋಗುತ್ತದೆ. ಹೋದ ಉಪ್ಪನ್ನು ತುಂಬದೆ ನೀರನ್ನೇ ಕುಡಿಯುತ್ತ ಹೋದರೆ ತಲೆಸುತ್ತು, ವಾಕರಿಕೆ, ಮಂಕು ಕವಿಯುತ್ತದೆ. ಇದನ್ನು ಬಾಯಾರಿಕೆ ಎಂದು ತಿಳಿದು ಇನ್ನಷ್ಟು ನೀರು ಕುಡಿಸಿದರೆ ಸ್ಥಿತಿ ಕೆಡುತ್ತದೆ. ಒಆರ್‌ಎಸ್ ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ. ಅದನ್ನು ಅರ್ಧ ಲೀಟರ್ ಬಾಟಲಿಗೆ ಸುರಿಯುವುದು ಎಲ್ಲರೂ ಮಾಡುವ ತಪ್ಪು. ಗಾಢವಾದ ದ್ರಾವಣ ಹೊಟ್ಟೆ ತೊಳಸುತ್ತದೆ, ಕೆಲವರಿಗೆ ಭೇದಿಯೂ ಆಗುತ್ತದೆ. 200 ಮಿಲಿಲೀಟರಿನ ಚಿಕ್ಕ ಪೊಟ್ಟಣಗಳೂ ಬರುತ್ತವೆ, ಅಳತೆ ಓದಿ ಕಲಸಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. 3 ಲೀಟರಿನಲ್ಲಿ ಒಂದು ಲೀಟರ್ ಹೀಗಿರಲಿ.

ತಿಂಡಿ ಒಣದಾಗಿರಲಿ: ಚಟ್ನಿಪುಡಿ ಹಚ್ಚಿ ಸುತ್ತಿದ ನಾಲ್ಕು ಚಪಾತಿ, ಕಡಲೆ ಚಿಕ್ಕಿ, ಖರ್ಜೂರ, ಎರಡು ಬಾಳೆಹಣ್ಣು, ಹುರಿಗಡಲೆ. ಪ್ರತಿ 45 ನಿಮಿಷಕ್ಕೊಮ್ಮೆ ಎರಡು ತುತ್ತು. ಹಸಿವಾಗುವವರೆಗೆ ಕಾಯಬೇಡಿ.

ಶೂ ಬಗ್ಗೆ ಸ್ವಲ್ಪ ವಿವರ ಬೇಕು. ತಳದಲ್ಲಿ ಆಳವಾದ ಹಲ್ಲುಗಳಿರಬೇಕು, ಓಟದ ಶೂವಿನ ನುಣುಪು ತಳ ಇಲ್ಲಿ ನಡೆಯದು. ಅಳತೆ ಅರ್ಧ ನಂಬರ್ ದೊಡ್ಡದು ಕೊಳ್ಳಿ, ಇಳಿಯುವಾಗ ಹೆಬ್ಬೆರಳು ಮುಂದಕ್ಕೆ ಬಡಿದರೆ ಉಗುರು ಕಪ್ಪಾಗಿ ಉದುರುತ್ತದೆ. ಉಗುರನ್ನು ಎರಡು ದಿನ ಮೊದಲೇ ಕತ್ತರಿಸಿ. ಹೊಸ ಶೂ ಆದರೆ 40 ಕಿಲೋಮೀಟರಾದರೂ ನಡೆದು ಪಳಗಿಸಿ. ಹಳೆಯದಾದರೆ ಬೇರೆ ಅಪಾಯ: ವರ್ಷಗಟ್ಟಲೆ ಕಪಾಟಿನಲ್ಲಿಟ್ಟ ಶೂವಿನ ತಳದ ಪದರ ತೇವಾಂಶಕ್ಕೆ ಒಳಗೊಳಗೇ ಪುಡಿಯಾಗಿರುತ್ತದೆ. ನೋಡಲು ಹೊಸದರಂತೆ ಇರುತ್ತದೆ, ಎರಡು ತಾಸು ಏರಿನ ನಂತರ ತಳ ಬಾಯಿ ಬಿಡುತ್ತದೆ. ಮನೆಯಲ್ಲೇ ತಳವನ್ನು ಎರಡೂ ಕೈಯಲ್ಲಿ ಬಗ್ಗಿಸಿ, ಅಂಚನ್ನು ಉಗುರಿನಿಂದ ಎತ್ತಿ ನೋಡಿ. ಯಾವುದಕ್ಕೂ ಎರಡು ಮೀಟರ್ ಗಟ್ಟಿ ದಾರ ಚೀಲದಲ್ಲಿರಲಿ.

ಉಳಿದವು: ತಲೆಗೆ ಕಟ್ಟುವ ಟಾರ್ಚ್, ಊರುಗೋಲು ಎರಡು, ತೆಳು ಮಳೆ ಜಾಕೆಟ್, ಟೊಪ್ಪಿ, ಬದಲಿ ಸಾಕ್ಸ್, ಅಂಟುಪಟ್ಟಿ, ಕ್ರೇಪ್ ಬ್ಯಾಂಡೇಜ್, ಶಿಳ್ಳೆ, ಕಸ ತರಲು ಒಂದು ಚೀಲ. ಜೀನ್ಸ್ ಬೇಡ, ಒದ್ದೆಯಾದರೆ ಕಲ್ಲಿನಂತೆ ಭಾರ. ಎಲ್ಲ ಸೇರಿ 6 ಕಿಲೋ ದಾಟಿದರೆ ಏನನ್ನಾದರೂ ಬಿಡಿ.

ಗಡಿಯಾರ ಹಿಡಿದು ಹತ್ತುವುದು

1892ರಲ್ಲಿ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಕೊಟ್ಟ ಲೆಕ್ಕ ಇಂದಿಗೂ ಬಳಕೆಯಲ್ಲಿದೆ: ದಾರಿಯ ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಮಾರ ಪರ್ವತಕ್ಕೆ ಇಟ್ಟು ನೋಡಿದರೆ 13 ಕಿಲೋಮೀಟರಿಗೆ 2 ಗಂಟೆ 36 ನಿಮಿಷ, 1,600 ಮೀಟರಿಗೆ 2 ಗಂಟೆ 40 ನಿಮಿಷ, ಒಟ್ಟು ಐದೂಕಾಲು ಗಂಟೆ. ಇದು ಪಳಗಿದವರು ಕೂರದೆ ನಡೆದರೆ. ವಿಶ್ರಾಂತಿ, ತಿಂಡಿ ಸೇರಿಸಿ ಆರೂಕಾಲು ಗಂಟೆ ಇಟ್ಟುಕೊಳ್ಳಿ. ಇಳಿಯಲು ಐದು.

ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ದಾಟಿದ ಕೂಡಲೆ. ಆದರೆ ಕಾಡಿನೊಳಗೆ ಐದೂವರೆಗೇ ಕಣ್ಣು ಮಂದವಾಗುತ್ತದೆ. ಹಾಗಾಗಿ ಹಿಂದಿನಿಂದ ಲೆಕ್ಕ ಹಾಕಿ. ಆರಕ್ಕೆ ಕುಕ್ಕೆ ಸೇರಬೇಕಾದರೆ ನಾಲ್ಕರೊಳಗೆ, ಕಾಡು ಮುಗಿಯುವಲ್ಲಿರುವ ಗಿರಿಗದ್ದೆಯ ಭಟ್ಟರ ಮನೆ ದಾಟಿರಬೇಕು. ಅದಕ್ಕೆ ಒಂದು ಗಂಟೆಗೆ ತುದಿ ಬಿಡಬೇಕು. ಬೆಳಿಗ್ಗೆ ಆರೂವರೆಗೆ, ಬೆಳಕು ಬಿಡುತ್ತಿದ್ದಂತೆ ಹೊರಟವರು ಒಂಬತ್ತೂಕಾಲಿಗೆ ಭಟ್ಟರ ಮನೆ, ಹತ್ತೂಮುಕ್ಕಾಲಿಗೆ ಕಲ್ಲು ಮಂಟಪ, ಹನ್ನೆರಡಕ್ಕೆ ತುದಿಗಿಂತ ಮೊದಲು ಸಿಗುವ ಶೇಷ ಪರ್ವತ, ಒಂದರೊಳಗೆ ತುದಿ. ಈ ಹೊತ್ತುಗಳನ್ನು ಕೈ ಮೇಲೆ ಪೆನ್ನಿನಿಂದ ಬರೆದುಕೊಳ್ಳಿ. ಹನ್ನೆರಡೂವರೆಗೂ ಶೇಷ ಪರ್ವತ ಮುಟ್ಟದಿದ್ದರೆ ಇದ್ದಲ್ಲಿಂದಲೇ ತಿರುಗಿ, ‘ಇನ್ನೇನು ಹತ್ತಿರ ಬಂದೆವಲ್ಲ’ ಎಂಬ ಮಾತಿಗೆ ಕಿವಿಗೊಡಬೇಡಿ. ಅರಣ್ಯ ಇಲಾಖೆಯವರು ಹೇಳಿದ ಹೊತ್ತು ಇದಕ್ಕಿಂತ ಮೊದಲಿದ್ದರೆ ಅದೇ ಕೊನೆ ಮಾತು.

ಕಾಡಿನ ಐದು ಕಿಲೋಮೀಟರ್

ದೇವರಗದ್ದೆ ಕಡೆಯಿಂದ ಕಾಡು ಹೊಕ್ಕ ಕೂಡಲೇ ಏರು ಶುರು. ಒಟ್ಟು ಏರಿನ ಹೆಚ್ಚುಕಡಿಮೆ ಅರ್ಧ ಈ ನಿತ್ಯಹರಿದ್ವರ್ಣ ಕಾಡಿನೊಳಗೇ ಮುಗಿಯುತ್ತದೆ. ಗಾಳಿ ಆಡದು, ನೋಟ ಕಾಣದು, ಬೆವರು ಆರದು. ಬೆಟ್ಟದ ಮೇಲೆ ಯಾರು ಚೆನ್ನಾಗಿರುತ್ತಾರೆ ಎಂಬುದು ಇಲ್ಲಿಯೇ ತೀರ್ಮಾನವಾಗುತ್ತದೆ, ಯಾಕೆಂದರೆ ಮೊದಲ ಒಂದು ಗಂಟೆಯಲ್ಲಿ ಎಲ್ಲರ ಕಾಲೂ ಹೊಸದು, ಎಲ್ಲರೂ ಓಡುತ್ತಾರೆ.

ವೇಗದ ಅಳತೆ ಇಷ್ಟೇ: ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಎರಡು ಪದಕ್ಕೊಮ್ಮೆ ಉಸಿರು ಎಳೆಯುವಂತಾದರೆ ಹೆಜ್ಜೆ ಚಿಕ್ಕದು ಮಾಡಿ. ನಿಲ್ಲಬೇಡಿ, ನಿಧಾನ ಮಾಡಿ. ಓಡುವುದು, ನಿಲ್ಲುವುದು, ಮತ್ತೆ ಓಡುವುದು ಎಂಬ ನಡಿಗೆ ಸಮನಾದ ನಿಧಾನ ನಡಿಗೆಗಿಂತ ಬೇಗ ಸುಸ್ತು ಮಾಡುತ್ತದೆ.

ಕಡಿದಾದಲ್ಲಿ ಹೆಜ್ಜೆ ಹೀಗಿರಲಿ. ಮುಂದಿನ ಪಾದವನ್ನು ಪೂರ್ತಿ ಊರಿ, ತುದಿಗಾಲಲ್ಲಿ ಅಲ್ಲ. ಹಿಂದಿನ ಕಾಲನ್ನು ನೇರ ಮಾಡಿ, ಮೊಣಕಾಲಿನ ಕೀಲು ನೆಟ್ಟಗಾಗಿ ಮೈಭಾರ ಮೂಳೆಯ ಮೇಲೆ ಕೂರಲಿ. ಅರೆಕ್ಷಣ ಹಾಗೇ ಇರಿ, ಅಷ್ಟು ಹೊತ್ತು ತೊಡೆ ಬಿಡುವು ಪಡೆಯುತ್ತದೆ. ಆಮೇಲೆ ಭಾರ ಮುಂದಕ್ಕೆ. ಸಾವಿರ ಹೆಜ್ಜೆಗೆ ಸಾವಿರ ಪುಟ್ಟ ವಿಶ್ರಾಂತಿ. ತುದಿಗಾಲಲ್ಲೇ ಹತ್ತುವವರ ಮೀನಖಂಡ ಭಟ್ಟರ ಮನೆ ಮುಟ್ಟುವ ಮೊದಲೇ ಹಿಡಿದುಕೊಳ್ಳುತ್ತದೆ. ಮೊಣಕಾಲೆತ್ತರದ ಕಲ್ಲು ಎದುರಾದರೆ ಒಂದೇ ಸಲಕ್ಕೆ ಏರದೆ ಪಕ್ಕದಲ್ಲಿ ಸಣ್ಣ ಮೆಟ್ಟಿಲು ಹುಡುಕಿ.

ಬೇರುಗಳ ಮೇಲೆ ಕಾಲಿಡಬೇಡಿ, ನಡುವೆ ಇಡಿ. ಒದ್ದೆ ಬೇರಿನ ಸಿಪ್ಪೆ ಸವೆದು ಸೋಪಿನಂತಿರುತ್ತದೆ, ಅದರಲ್ಲೂ ಇಳಿಜಾರಿಗೆ ಓರೆಯಾಗಿ ಹಾದ ಬೇರು ಪಾದವನ್ನು ಪಕ್ಕಕ್ಕೆ ಎಸೆಯುತ್ತದೆ. ಕಣ್ಣು ಮೂರು ಹೆಜ್ಜೆ ಮುಂದಿರಲಿ.

ಹಿಮ್ಮಡಿಯಲ್ಲಿ ಬಿಸಿ ಅನ್ನಿಸಿದ ಕ್ಷಣವೇ ಕುಳಿತು ಶೂ ಬಿಚ್ಚಿ. ಬಿಸಿ ಎಂದರೆ ಚರ್ಮ ಉಜ್ಜುತ್ತಿದೆ ಎಂದರ್ಥ, ಇನ್ನು ಇಪ್ಪತ್ತು ನಿಮಿಷ ಬಿಟ್ಟರೆ ಗುಳ್ಳೆ ಏಳುತ್ತದೆ. ಬೆವರು ಒರೆಸಿ, ಸುಕ್ಕಿಲ್ಲದಂತೆ ಅಂಟುಪಟ್ಟಿ ಹಚ್ಚಿ, ಒಣ ಸಾಕ್ಸ್ ಹಾಕಿ. ಗುಂಪು ಮುಂದೆ ಹೋಗುತ್ತದೆಂಬ ಸಂಕೋಚಕ್ಕೆ ಸುಮ್ಮನಿದ್ದವರು ಸಂಜೆ ಕುಂಟುತ್ತಾರೆ.

ಉಂಬಳಕ್ಕೆ ಒತ್ತಾದ ನೇಯ್ಗೆಯ ಮೊಣಕಾಲುದ್ದದ ಬಟ್ಟೆ ಸಾಕ್ಸ್ ಒಳ್ಳೆಯ ಉಪಾಯ. ಊರವರು ಹೊಗೆಸೊಪ್ಪಿನ ನೀರು, ಸುಣ್ಣ, ಬೇವಿನೆಣ್ಣೆ ಹಚ್ಚುತ್ತಾರೆ, ಅದೂ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ, ಒದ್ದೆಯಾದರೆ ಮತ್ತೆ ಹಚ್ಚಬೇಕು. ಕಚ್ಚಿದ ಉಂಬಳವನ್ನು ಸುಡುವುದು, ಕಿತ್ತೆಳೆಯುವುದು ಬೇಡ. ಸಪೂರ ತುದಿ ಚರ್ಮಕ್ಕೆ ಅಂಟಿದ ಕಡೆ ಉಗುರು ಜಾರಿಸಿ ಬಿಡಿಸಿ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಇರುವುದರಿಂದ ಬಹಳ ಹೊತ್ತು ಸೋರುತ್ತದೆ. ಬಟ್ಟೆ ಒತ್ತಿ ಹಿಡಿದರೆ ಸಾಕು, ಗಾಬರಿ ಬೇಡ. ವಿಶ್ರಾಂತಿಗೆ ತರಗೆಲೆಯ ಮೇಲೆ ಕೂರದೆ ಭೀಮನ ಬಂಡೆಯಂಥ ಬತ್ತಲೆ ಕಲ್ಲಿನ ಮೇಲೆ ಕುಳಿತರೆ ಅರ್ಧ ಕಾಟ ತಪ್ಪುತ್ತದೆ.

ಗಿರಿಗದ್ದೆಯಿಂದ ತುದಿಗೆ

ಕಾಡು ಮುಗಿದು ಗದ್ದೆ, ತೋಟ ಕಾಣುವುದೇ ಗಿರಿಗದ್ದೆ. ಇಲ್ಲಿನ ಭಟ್ಟರ ಮನೆಯ ಅನ್ನ ಸಾರು ತಲೆಮಾರುಗಳ ಚಾರಣಿಗರ ಹಸಿವು ತಣಿಸಿದೆ. ಆದರೆ ಹತ್ತುವಾಗ ಹೊಟ್ಟೆ ಬಿರಿಯ ಉಣ್ಣಬೇಡಿ. ಹೊಟ್ಟೆಗೂ ಕಾಲಿಗೂ ಒಟ್ಟಿಗೆ ರಕ್ತ ಹಂಚಲು ಮೈಗೆ ಕಷ್ಟ, ಮುಂದಿನ ಬೋಳುಗುಡ್ಡದಲ್ಲಿ ವಾಂತಿ ಬಂದಂತಾಗುತ್ತದೆ. ಊಟ ಇಳಿಯುವಾಗ ಇರಲಿ, ಸಿಗುತ್ತದೆಯೇ ಎಂದು ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಿ. ನೀರು ತುಂಬಿಸಿ, ಅಂಗಿ ಬೆವರಿಗೆ ತೊಯ್ದಿದ್ದರೆ ಬದಲಿಸಿ, 15 ನಿಮಿಷದಲ್ಲಿ ಎದ್ದುಬಿಡಿ.

ಸ್ವಲ್ಪ ಮುಂದೆ ಚೆಕ್‌ಪೋಸ್ಟ್. ಪ್ಲಾಸ್ಟಿಕ್ ತಪಾಸಣೆ ಮಾಡುತ್ತಾರೆ, ಚೀಲ ತೆರೆದು ತೋರಿಸಿ. ಈ ಬೆಟ್ಟದ ಕುಮಾರಧಾರಾ ನದಿಯಲ್ಲೇ ಕೆಳಗೆ ಕುಕ್ಕೆಯ ಭಕ್ತರು ಮುಳುಗು ಹಾಕುವುದು. ಮೇಲೆ ಬಿಟ್ಟ ಚಿಪ್ಸ್ ಪೊಟ್ಟಣ ಮೊದಲ ಮಳೆಗೆ ಅಲ್ಲಿಗೇ ಇಳಿಯುತ್ತದೆ. ಹಣ್ಣಿನ ಸಿಪ್ಪೆಯನ್ನೂ ಎಸೆಯಬೇಡಿ.

ಇಲ್ಲಿಂದ ಕಲ್ಲು ಮಂಟಪದವರೆಗೆ ನೆರಳು ಎಂಬುದಿಲ್ಲ. ಒಂದು ಗುಡ್ಡ ಹತ್ತಿದರೆ ಇನ್ನೊಂದು ಕಾಣುವ ಹುಲ್ಲುಗಾವಲು. ಕತ್ತು ಮುಚ್ಚುವಂತೆ ಟೊಪ್ಪಿ ಅಥವಾ ಟವೆಲ್ ಹಾಕಿ. ಬಿಸಿಲ ಬೇಗೆ ತಟ್ಟಿದವರ ಚರ್ಮ ತಣ್ಣಗೆ ಒದ್ದೆಯಾಗಿ, ತಲೆನೋವು, ವಾಕರಿಕೆ ಶುರುವಾಗುತ್ತದೆ. ಅವರನ್ನು ನೆರಳಿಗೆ ತಂದು, ಕಾಲು ಎತ್ತರಕ್ಕಿಟ್ಟು ಮಲಗಿಸಿ, ಒಆರ್‌ಎಸ್ ಗುಟುಕು ಗುಟುಕಾಗಿ ಕೊಟ್ಟು, ಚೇತರಿಸಿದ ಮೇಲೆ ಕೆಳಗೇ ಕರೆದೊಯ್ಯಬೇಕು. ಮಾತು ತೊದಲಿದರೆ, ಯಾರು ಎಲ್ಲಿ ಎಂಬ ಗೊತ್ತು ತಪ್ಪಿದರೆ ಅದು ಬಿಸಿಲ ಹೊಡೆತ, ಪ್ರಾಣಕ್ಕೇ ಸಂಚಕಾರ. ಆಗ ಬಾಯಿಗೆ ಏನನ್ನೂ ಹಾಕದೆ ತಲೆ, ಕತ್ತು, ಕಂಕುಳು ನೀರಿನಿಂದ ನೆನೆಸಿ, ಗಾಳಿ ಬೀಸುತ್ತ, ಸಿಗ್ನಲ್ ಸಿಗುವ ಕಡೆ ಒಬ್ಬರನ್ನು ಓಡಿಸಿ 112ಕ್ಕೆ ಕರೆ ಮಾಡಿಸಿ, ಚೆಕ್‌ಪೋಸ್ಟಿಗೆ ಸುದ್ದಿ ಮುಟ್ಟಿಸಿ.

ಕಲ್ಲು ಮಂಟಪ ನಾಲ್ಕು ಕಂಬದ ನೆರಳು, ಅಷ್ಟೇ. ಆದರೆ ಅದು ಸರಿಯಾದ ಜಾಗದಲ್ಲಿದೆ, ಮುಂದಿನ ಶೇಷ ಪರ್ವತದ ಏರು ಈ ದಾರಿಯಲ್ಲೇ ಕಡಿದು. ಇಲ್ಲಿ ತಿಂದು, ಕುಡಿದು, ಗುಂಪಿನ ಪ್ರತಿಯೊಬ್ಬರನ್ನೂ ಕಣ್ಣಿಟ್ಟು ನೋಡಿ. ಮಾತು ನಿಲ್ಲಿಸಿದವರು, ತಿಂಡಿ ಬೇಡವೆಂದವರು ಸುಸ್ತಾಗಿದ್ದಾರೆ. ಬಾಯಿ ಬಿಟ್ಟು ಹೇಳುವವರು ಕಡಿಮೆ. ಅವರನ್ನು ಒಬ್ಬರೇ ‘ಇಲ್ಲೇ ಕೂತಿರಿ’ ಎಂದು ಬಿಟ್ಟುಹೋಗಬಾರದು, ಜೊತೆಗೊಬ್ಬರು ಉಳಿಯಲೇಬೇಕು.

ಶೇಷ ಪರ್ವತದ ಏರನ್ನು ನೆಟ್ಟಗೆ ಹತ್ತದೆ, ಕಾಲುದಾರಿಯ ಅಗಲದೊಳಗೇ ಎಡಕ್ಕೆ ಬಲಕ್ಕೆ ಓರೆಯಾಗಿ ಹತ್ತಿ. ದಾರಿ ಬಿಟ್ಟು ಹುಲ್ಲಿನ ಮೇಲೆ ಹೊಸ ಸೀಳು ಮಾಡಬೇಡಿ, ಮುಂದಿನ ಮಳೆಗೆ ಅದೇ ಕೊರಕಲಾಗುತ್ತದೆ. ಮೇಲೆ ಒಂದು ಬದಿ ನೇರ ಪ್ರಪಾತ. ಮಂಜು ಮುಸುಕಿದಾಗ ಅಂಚು ಎಲ್ಲಿ ಮುಗಿಯಿತೆಂದೇ ತಿಳಿಯದು. ಅಂಚಿನಿಂದ ನಿಮ್ಮ ಎತ್ತರದ ಎರಡರಷ್ಟು ದೂರ ನಿಲ್ಲಿ, ಫೋಟೊಗೆ ಹಿಂದೆ ಹಿಂದೆ ಹೆಜ್ಜೆ ಇಡುವುದಂತೂ ಬೇಡವೇ ಬೇಡ.

ಶೇಷ ಪರ್ವತವೇ ತುದಿ ಎಂದುಕೊಂಡು ಎಲ್ಲ ಶಕ್ತಿ ಸುರಿದವರಿಗೆ ಇಲ್ಲಿ ನಿರಾಸೆ. ದಾರಿ ಒಮ್ಮೆ ಕೆಳಗಿಳಿದು ಗಿಡ್ಡ ಮರಗಳ ದಟ್ಟ ಶೋಲಾ ಕಾಡು ಹೊಗುತ್ತದೆ, ಮತ್ತೆ ಏರಿ ಓರೆ ಬಂಡೆಯೊಂದನ್ನು ದಾಟಿ ಕುಮಾರ ಪರ್ವತ ಸೇರುತ್ತದೆ. ಆ ಬಂಡೆಯ ಮೇಲೆ ಎಷ್ಟೋ ಸಲ ನೀರು ಜಿನುಗುತ್ತಿರುತ್ತದೆ. ಕಪ್ಪಗೆ ಮಿನುಗುವಲ್ಲಿ ಪಾಚಿ, ಬೂದು ಬಣ್ಣದ ಒರಟು ಕಡೆ ಹಿಡಿತ. ಹೆದರಿ ಬಂಡೆಗೆ ಮೈ ಅಂಟಿಸಿದರೆ ಪಾದದ ಮೇಲಿನ ಭಾರ ತಪ್ಪಿ ಜಾರುತ್ತದೆ, ನೆಟ್ಟಗೆ ನಿಂತಷ್ಟೂ ತಳ ಕಚ್ಚುತ್ತದೆ. ಎರಡು ಕೈ, ಎರಡು ಕಾಲಿನಲ್ಲಿ ಮೂರು ಸದಾ ಊರಿರಲಿ. ಊರುಗೋಲು ಚೀಲಕ್ಕೆ ಸಿಕ್ಕಿಸಿ. ಬಂಡೆ ಪೂರ್ತಿ ಒದ್ದೆಯಾಗಿದ್ದರೆ ಹತ್ತುವ ಮೊದಲೇ ಕೇಳಿಕೊಳ್ಳಿ: ಇದನ್ನೇ ಇಳಿಯಬಲ್ಲೆನೇ? ಅನುಮಾನ ಬಂದರೆ ಅಲ್ಲಿಗೇ ಸಾಕು.

ತುದಿಯಲ್ಲಿ ಪುಟ್ಟ ಶಿವನ ಗುಡಿ. ಮೇಲೆ ಹೋದಂತೆ ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಉಷ್ಣತೆ ಇಳಿಯುವುದರಿಂದ ಕುಕ್ಕೆಗಿಂತ ಹತ್ತು ಡಿಗ್ರಿ ತಂಪು, ಗಾಳಿ ಬೇರೆ. ಒದ್ದೆ ಅಂಗಿಯಲ್ಲಿ ಕೂರದೆ ಜಾಕೆಟ್ ಹಾಕಿ. ಗುಡುಗು ಕೇಳಿಸಿದರೆ ಕೂಡಲೇ ಇಳಿಯಿರಿ. ಬೋಳು ಏಣಿನ ಮೇಲೆ ನಿಂತ ಮನುಷ್ಯನೇ ಅಲ್ಲಿ ಎತ್ತರದ ವಸ್ತು.

ಇಳಿಯುವುದು

ಹೊರಡುವ ಮುನ್ನ ಶೂ ದಾರ ಬಿಚ್ಚಿ ಹೊಸದಾಗಿ ಕಟ್ಟಿ. ಹಿಮ್ಮಡಿಯನ್ನು ಹಿಂದಕ್ಕೆ ಕುಟ್ಟಿ ಕೂರಿಸಿ. ಮೇಲಿನ ಕೊನೆಯ ಎರಡು ತೂತುಗಳಲ್ಲಿ ದಾರವನ್ನು ಅದೇ ಬದಿಯಲ್ಲಿ ಪೋಣಿಸಿ ಒಂದು ಪುಟ್ಟ ಕುಣಿಕೆ ಮಾಡಿ. ಎಡದ ದಾರ ಬಲದ ಕುಣಿಕೆಯೊಳಗೆ, ಬಲದ್ದು ಎಡದ್ದರೊಳಗೆ ತೂರಿಸಿ, ಕೆಳಮುಖವಾಗಿ ಎಳೆದು ಗಂಟು ಹಾಕಿ. ಹೀಗೆ ಕಟ್ಟಿದರೆ ಹಿಮ್ಮಡಿ ಮೇಲೇಳದು, ಬೆರಳು ಮುಂದಕ್ಕೆ ಜಾರಿ ಬಡಿಯದು. ಎರಡು ನಿಮಿಷದ ಕೆಲಸಕ್ಕೆ ಹತ್ತು ಉಗುರು ಉಳಿಯುತ್ತವೆ.

ಊರುಗೋಲನ್ನು ಹತ್ತುವಾಗಿನದಕ್ಕಿಂತ ಐದಾರು ಸೆಂಟಿಮೀಟರ್ ಉದ್ದ ಮಾಡಿ, ಕಾಲಿಗಿಂತ ಮೊದಲು ಕೋಲನ್ನು ಕೆಳಗೆ ಊರಿ ಭಾರ ಹಂಚಿ. ಮೊಣಕಾಲು ಸದಾ ಸ್ವಲ್ಪ ಬಾಗಿರಲಿ. ಕಾಲು ನೆಟ್ಟಗೆ ಮಾಡಿ ಹಿಮ್ಮಡಿ ಕುಟ್ಟುತ್ತ ಇಳಿದರೆ ಪ್ರತಿ ಹೊಡೆತವೂ ಮೊಣಕಾಲಿನ ಕೀಲಿಗೇ ಹೋಗುತ್ತದೆ. ಚಿಕ್ಕ ಹೆಜ್ಜೆ, ಸದ್ದಿಲ್ಲದ ಹೆಜ್ಜೆ. ನಿಮ್ಮ ಶೂ ಧಪ್ ಧಪ್ ಎನ್ನುತ್ತಿದ್ದರೆ ವೇಗ ಹೆಚ್ಚಾಯಿತು ಎಂದೇ ಲೆಕ್ಕ.

ಬೋಳುಗುಡ್ಡದ ಇಳಿಜಾರಿನಲ್ಲಿ ಜಾರುವುದು ಎರಡು ಕಾರಣಕ್ಕೆ. ಒಂದು, ಗಟ್ಟಿ ನೆಲದ ಮೇಲೆ ಹರಡಿದ ಸಣ್ಣ ಜಲ್ಲಿ, ಗೋಲಿಯ ಮೇಲೆ ಕಾಲಿಟ್ಟಂತೆ. ಇನ್ನೊಂದು, ಜನ ತುಳಿದು ಮಲಗಿಸಿದ ಒಣ ಹುಲ್ಲು. ಅದರ ಎಳೆಗಳು ಕೆಳಮುಖವಾಗಿ ಮಲಗಿರುತ್ತವೆ, ಶೂವಿನ ಹಲ್ಲಿಗೆ ಸಿಗುವುದೇ ಇಲ್ಲ. ಎರಡೂ ಕಡೆ ಮೈಯನ್ನು ಹಿಂದಕ್ಕೆ ವಾಲಿಸುವುದು ಸಹಜ, ಅದೇ ಬೀಳಿಸುತ್ತದೆ. ಮೂಗು ಹೆಬ್ಬೆರಳಿನ ನೇರಕ್ಕಿರುವಷ್ಟು ಮುಂದೆ ಬಾಗಿ, ಪಾದವನ್ನು ಇಳಿಜಾರಿಗೆ ಸ್ವಲ್ಪ ಅಡ್ಡ ಇಡಿ. ಬಿದ್ದೇಬಿಟ್ಟರೆ ಅಂಗೈ ಊರದೆ ಪಕ್ಕಕ್ಕೆ, ತೊಡೆಯ ಮೇಲೆ ಬೀಳಿ, ಅಂಗೈ ಊರಿದವರ ಮಣಿಕಟ್ಟು ಮುರಿಯಬಹುದು.

ಭಟ್ಟರ ಮನೆಯಿಂದ ಕೆಳಗಿನ ಕಾಡಿಗೆ ಮತ್ತೆ ಮೊದಲಿನ ಎಚ್ಚರವೇ ಬೇಕು, ಆದರೆ ಈಗ ಗಮನ ಚದುರಿರುತ್ತದೆ. ಬಿಸಿ ಕಾಫಿ, ಬಿಸಿನೀರಿನ ಸ್ನಾನ ಕಣ್ಣ ಮುಂದೆ ಬಂದು ಹೆಜ್ಜೆ ತಾನಾಗಿ ದೊಡ್ಡದಾಗುತ್ತದೆ. ಪಾದ ಹೊರಳುವುದು ಹೆಚ್ಚಾಗಿ ಈ ಭಾಗದಲ್ಲೇ. ಪ್ರತಿ ಅರ್ಧ ಗಂಟೆಗೆ ಎರಡು ನಿಮಿಷ ನಿಂತು, ಒಂದು ಚಿಕ್ಕಿ ತಿಂದು ಹೊರಡಿ. ಪಾದ ಹೊರಳಿ ಊದಿದರೆ ಶೂ ಬಿಚ್ಚದೆ, ಅದರ ಮೇಲೆಯೇ ಕ್ರೇಪ್ ಬ್ಯಾಂಡೇಜನ್ನು ಎಂಟರ ಆಕಾರದಲ್ಲಿ ಸುತ್ತಿ. ಬಿಚ್ಚಿದರೆ ಊತಕ್ಕೆ ಮತ್ತೆ ಹಾಕಲಾಗದು. ನಾಲ್ಕು ಹೆಜ್ಜೆ ಊರಲೂ ಆಗದಿದ್ದರೆ ಮೂಳೆ ಮುರಿದಿರಬಹುದೆಂದೇ ತಿಳಿದು ಹೊತ್ತೊಯ್ಯುವ ಏರ್ಪಾಡು ಮಾಡಿ.

ಇದು ಆನೆ, ಕಾಟಿ (ಕಾಡುಕೋಣ), ಕಾಳಿಂಗ ಇರುವ ಕಾಡು. ಸಂಜೆ ಗುಂಪಾಗಿ, ಸಣ್ಣ ಮಾತಾಡುತ್ತ ಇಳಿಯಿರಿ, ಇಯರ್‌ಫೋನ್ ಬೇಡ. ಕಲ್ಲಿನ ಸಂದಿಗೆ, ಕೊಂಬೆಗೆ ನೋಡದೆ ಕೈ ಹಾಕಬೇಡಿ, ಮಂಡಲ ಜಾತಿಯ ಹಾವುಗಳು ಎಲೆ, ಕಲ್ಲಿನ ಬಣ್ಣದಲ್ಲೇ ಇರುತ್ತವೆ. ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಉಂಗುರ, ಗಡಿಯಾರ ತೆಗೆದು, ಕಚ್ಚಿದ ಅಂಗವನ್ನು ಅಲ್ಲಾಡದಂತೆ ಕೋಲು ಕಟ್ಟಿ, ನಡೆಸದೆ ಹೊತ್ತು ಇಳಿಸಿ, ಸುಳ್ಯ ಅಥವಾ ಪುತ್ತೂರಿನ ದೊಡ್ಡ ಆಸ್ಪತ್ರೆಗೆ ಮುಟ್ಟಿಸಿ.

ಸೋಮವಾರಪೇಟೆ ಕಡೆಯಿಂದ ಬೀದಳ್ಳಿ ಮಾರ್ಗವೂ ಇದೆ, ಒಂದು ಬದಿಗೆ 7 ಕಿಲೋಮೀಟರಿನಷ್ಟು. ಹೆಚ್ಚು ಎತ್ತರದಿಂದಲೇ ಶುರುವಾಗುವುದರಿಂದ ಏರು ಬಹಳ ಕಡಿಮೆ, ಆದರೆ ಕೊನೆಯಲ್ಲಿ ಕಡಿದಾದ ಬಂಡೆಗಳಿವೆ. ಕುಕ್ಕೆಯಿಂದ ಹತ್ತಲು ಕಾಲು ಸಾಲದೆಂದು ಅನ್ನಿಸಿದವರಿಗೆ ಇದು ಒಳ್ಳೆಯ ಮೊದಲ ಮೆಟ್ಟಿಲು. ಅನುಮತಿಯಲ್ಲಿ ಯಾವ ಮಾರ್ಗ ಬರೆದಿದೆಯೋ ಅದರಲ್ಲೇ ಹೋಗಿ ಬರಬೇಕು.

ಕೆಳಗಿಳಿದ ಮೇಲೆ ಕೂಡಲೇ ಬಸ್ ಹತ್ತಿ ಮೊಣಕಾಲು ಮಡಚಿ ಎಂಟು ಗಂಟೆ ಕೂರುವುದು ಒಳ್ಳೆಯದಲ್ಲ. ಹತ್ತು ನಿಮಿಷ ಸಮತಟ್ಟಿನಲ್ಲಿ ನಡೆದು, ಕಾಲಿಗೆ ತಣ್ಣೀರು ಬಿಟ್ಟು, ಉಂಡು ಮಲಗಿ. ತೊಡೆ ನೋವು ಮರುದಿನಕ್ಕಿಂತ ಅದರ ಮರುದಿನ ಹೆಚ್ಚು, ನಾಲ್ಕು ದಿನಕ್ಕೆ ಇಳಿಯುತ್ತದೆ. ಎರಡೂ ತೊಡೆ ಒಂದೇ ಸಮ ನೋಯುತ್ತಿದ್ದರೆ ಚಿಂತೆ ಇಲ್ಲ, ಮೆಲ್ಲಗೆ ನಡೆದಾಡಿ. ಒಂದೇ ಮೊಣಕಾಲು ಊದಿ ಬಿಸಿಯಾದರೆ ಮೂಳೆ ವೈದ್ಯರಿಗೆ ತೋರಿಸಿ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಕಾಯಬೇಡಿ, ಮಿತಿಮೀರಿ ದಣಿದ ಸ್ನಾಯು ಒಡೆದು ಮೂತ್ರಪಿಂಡಕ್ಕೆ ಹೊರೆಯಾಗುತ್ತಿರುವ ಗುರುತು ಅದು, ಅದೇ ದಿನ ಆಸ್ಪತ್ರೆಗೆ ಹೋಗಿ.